ಸಿಕ್ಕಿಬಿದ್ದ ತುಡುಗನನ್ನು ಹೊಡೆಯುವುದು ಆತ್ಮರಕ್ಷಣೆಯಾ? ಜೈಲಿನಿಂದ ಬಂದವನಿಗೆ ಕೆಲಸ ಕೊಡಬಹುದಾ?

ತಿಕೋಟಾ ತೋಟಗಾರ:
ಎಲ್ಲರಿಗೂ ಶರಣು. ಎರಡು ಪ್ರಶ್ನೆ ಇವೆ. ನಮ್ಮ ಮನೆಯಲ್ಲಿ ಎರಡೂ ಒಂದೇ ಸಲಕ್ಕೆ ಬಂದು ಕೂತಿವೆ, ಹಾಗಾಗಿ ಒಟ್ಟಿಗೇ ಕೇಳುತ್ತೇನೆ.

ಮಾರ್ಚ್‌ನಲ್ಲಿ ನಮ್ಮ ಒಣದ್ರಾಕ್ಷಿ ಗೋದಾಮಿನ ಬೀಗ ಮುರಿದು ರಾತ್ರಿ ಮೂವರು ನುಗ್ಗಿದರು. ಇಬ್ಬರು ಓಡಿಹೋದರು. ಮೂರನೆಯವನ ಕೈಯಲ್ಲಿ ಕೊಯ್ತಾ (ಮಚ್ಚಿನಂಥ ಕತ್ತಿ) ಇತ್ತು, ನನ್ನ ತಮ್ಮನ ಮೇಲೆ ಬೀಸಿದ. ತಮ್ಮ ಬಡಿಗೆಯಿಂದ ಅವನ ಕೈಗೆ ಹೊಡೆದ. ಕೊಯ್ತಾ ಬಿತ್ತು, ಹಿಡಿದು ಕೂರಿಸಿದರು. ಅಷ್ಟರಲ್ಲಿ ಸುತ್ತಲಿನ ತೋಟದವರು ಬಂದರು. ಅವನನ್ನು ಕಂಬಕ್ಕೆ ಕಟ್ಟಿ ಬೆಳಗಿನ ತನಕ ಹೊಡೆದರು. ಕಾಲು ಮುರಿದಿದೆ. ಈಗ ಅವನ ಮೇಲೆ ಕಳವಿನ ಕೇಸು, ನಮ್ಮ ಕಡೆಯವರ ಮೇಲೆ ಹಲ್ಲೆ ಕೇಸು. ತಮ್ಮನ ಹೆಸರೂ ಅದರಲ್ಲಿದೆ. ನಮ್ಮ ಮಾಲು ನಾವು ಕಾಯ್ದುಕೊಂಡದ್ದು ತಪ್ಪಾ?

ಎರಡನೆಯದು. ನಮ್ಮ ಪಕ್ಕದ ಊರಿನವನೊಬ್ಬ ವಿಜಯಪುರದ ದರ್ಗಾ ಜೈಲಿನಲ್ಲಿ ಶಿಕ್ಷೆ ಮುಗಿಸಿ ಬಂದಿದ್ದಾನೆ. ಹೊಲದ ಬಾಂದಿನ ಜಗಳದಲ್ಲಿ ಅವನ ಕೈಯಿಂದ ಒಬ್ಬ ಸತ್ತಿದ್ದ. ಕೆಲಸ ಕೇಳಿಕೊಂಡು ಬಂದಿದ್ದಾನೆ. ಅಪ್ಪ ಕೊಡೋಣ ಅನ್ನುತ್ತಾರೆ. ಅವ್ವ ಬೇಡವೇ ಬೇಡ ಅನ್ನುತ್ತಾಳೆ. ನಿಮಗೆ ಏನನ್ನಿಸುತ್ತದೆ?

ಗುಮ್ಮಟದ ಊರವ:
ಹೊಡೆದದ್ದು ಸರಿ. ಕೊಯ್ತಾ ಹಿಡಿದು ಬಂದವನ ಮೇಲೆ ಕನಿಕರ ಬೇಡ.

ಇಂಡಿ ಲಿಂಬೆ:
ನಾನೂ ಅದನ್ನೇ ಹೇಳುತ್ತೇನೆ. ವರ್ಷವಿಡೀ ಸಾಲ ಮಾಡಿ ಬೆಳೆದ ಮಾಲು. ಒಂದು ರಾತ್ರಿಯಲ್ಲಿ ಹೋದರೆ ಬ್ಯಾಂಕಿನವರು ಬಿಡುತ್ತಾರಾ? ಪೊಲೀಸರು ಬರುವ ತನಕ ಕಾಯಿರಿ ಅನ್ನುವವರು ಒಂದು ರಾತ್ರಿ ತೋಟದಲ್ಲಿ ಮಲಗಿ ನೋಡಲಿ.

ಕರಿಕೋಟು ಬೆಳಗಾವಿ:
ತೋಟಗಾರ ಅಣ್ಣಾರೇ, ನಾನು ವಕೀಲ. ಗಾಬರಿ ಬೇಡ, ಆದರೆ ನಿಮ್ಮ ಪ್ರಶ್ನೆಯನ್ನು ಎರಡು ತುಂಡು ಮಾಡಿಕೊಳ್ಳಿ. ಕೊಯ್ತಾ ಬೀಳುವ ಮೊದಲು ಏನಾಯ್ತು, ಬಿದ್ದ ಮೇಲೆ ಏನಾಯ್ತು.

ಬೀಳುವ ಮೊದಲಿನದಕ್ಕೆ ನಿಮ್ಮ ತಮ್ಮನಿಗೆ ಕಾನೂನಿನ ಬಲ ಪೂರ್ತಿ ಇದೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ 34ರಿಂದ 44ರ ತನಕದ ಕಲಂಗಳು ಆತ್ಮರಕ್ಷಣೆಯವು. ನಮ್ಮ ಜೀವ, ಇನ್ನೊಬ್ಬರ ಜೀವ, ನಮ್ಮ ಆಸ್ತಿ, ಇನ್ನೊಬ್ಬರ ಆಸ್ತಿ ಎಲ್ಲವನ್ನೂ ಕಾಯುವ ಹಕ್ಕು ಇದೆ. ಸೂರ್ಯ ಮುಳುಗಿದ ಮೇಲೆ ಬೀಗ ಮುರಿದು ನುಗ್ಗಿದರೆ ಆ ಹಕ್ಕು ಇನ್ನೂ ಜಾಸ್ತಿ. ಕಲಂ 41ರ ಪ್ರಕಾರ ಅಂಥ ಹೊತ್ತಿನಲ್ಲಿ ನುಗ್ಗಿದವನು ಸತ್ತರೂ, ಬೇರೆ ದಾರಿ ಇರಲಿಲ್ಲವಾದರೆ, ಅದು ಅಪರಾಧ ಅಲ್ಲ. ಗೋದಾಮು ಮನೆ ಅಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಮಾಲು ಇಡುವ ಕಟ್ಟಡಕ್ಕೆ ನುಗ್ಗಿದರೂ ಕಾನೂನಿನ ಲೆಕ್ಕದಲ್ಲಿ ಮನೆಗೆ ನುಗ್ಗಿದಂತೆಯೇ.

ಕತ್ತಲಲ್ಲಿ ಕೊಯ್ತಾ ಎದುರಿಗಿರುವಾಗ ತೂಕ ಮಾಡಿ ಹೊಡೆಯಬೇಕು ಅಂತ ಯಾವ ಕೋರ್ಟೂ ಕೇಳುವುದಿಲ್ಲ. ದರ್ಶನ್ ಸಿಂಗ್ ಕೇಸಿನಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನೆಲ್ಲ ಬಿಡಿಸಿ ಹೇಳಿದೆ. ಹೆದರಿ ಓಡಿಹೋಗಬೇಕಿತ್ತು ಅಂತಲೂ ಹೇಳುವುದಿಲ್ಲ.

ಕೊಯ್ತಾ ಬಿದ್ದು, ಅವನು ಕೈಗೆ ಸಿಕ್ಕು, ಕಂಬಕ್ಕೆ ಕಟ್ಟಿದ ಮೇಲೆ ಅಪಾಯ ಮುಗಿಯಿತು. ಅಪಾಯ ಮುಗಿದ ಕ್ಷಣ ಹಕ್ಕೂ ಮುಗಿಯುತ್ತದೆ. ಅಲ್ಲಿಂದ ಬೆಳಗಿನ ತನಕ ಬಿದ್ದ ಏಟು ಒಂದೂ ಆತ್ಮರಕ್ಷಣೆ ಅಲ್ಲ. ಅದು ಹಲ್ಲೆ, ಕಾಲು ಮುರಿದಿದ್ದರಿಂದ ತೀವ್ರ ಗಾಯದ ಹಲ್ಲೆ.

ಇಂಡಿ ಲಿಂಬೆ:
ಹಾಗಾದರೆ ಹಿಡಿದು ಕಟ್ಟಿದ್ದೂ ತಪ್ಪಾ ವಕೀಲರೇ?

ಕರಿಕೋಟು ಬೆಳಗಾವಿ:
ಹಿಡಿಯುವುದು ತಪ್ಪಲ್ಲ. ಕಣ್ಣೆದುರು ಇಂಥ ಅಪರಾಧ ಮಾಡಿದವನನ್ನು ಸಾಮಾನ್ಯ ಜನ ಹಿಡಿಯಬಹುದು. ಆದರೆ ತಡ ಮಾಡದೆ, 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ (ಬಂಧನ, ವಿಚಾರಣೆ ಹೇಗೆ ನಡೆಯಬೇಕು ಅನ್ನುವ ಕಾನೂನು) ಕಲಂ 40 ಹೇಳುತ್ತದೆ. ತೋಟಗಾರ ಅಣ್ಣಾರೇ, 112ಕ್ಕೆ ಯಾವಾಗ ಫೋನ್ ಮಾಡಿದಿರಿ?

ತಿಕೋಟಾ ತೋಟಗಾರ:
ತಮ್ಮ ಹಿಡಿದ ತಕ್ಷಣ ಮಾಡಿದ. ಫೋನಿನಲ್ಲಿ ಅದರ ದಾಖಲೆ ಇದೆ. ಜನ ಜಾಸ್ತಿ ಆದ ಮೇಲೆ ಯಾರೂ ಅವನ ಮಾತು ಕೇಳಲಿಲ್ಲ. ಬೇಡ ಬೇಡ ಅಂದನಂತೆ.

ಕರಿಕೋಟು ಬೆಳಗಾವಿ:
ಆ ಫೋನ್ ದಾಖಲೆಯನ್ನು ಜೋಪಾನ ಮಾಡಿ. ನಿಮ್ಮ ತಮ್ಮನ ಕೇಸಿಗೆ ಅದೇ ದೊಡ್ಡ ಆಧಾರ. ಕೊಯ್ತಾ ಪಂಚನಾಮೆಯಲ್ಲಿ ಸೇರಿದೆಯಾ ನೋಡಿ. ತಮ್ಮನಿಗೆ ಗೀರು ಗಾಯ ಏನಾದರೂ ಆಗಿದ್ದರೆ ಆಸ್ಪತ್ರೆಯ ಕಾಗದ ಬೇಕು. ಆತ್ಮರಕ್ಷಣೆ ಅಂತ ತೋರಿಸುವ ಭಾರ ನಮ್ಮ ಮೇಲಿರುತ್ತದೆ. ಆದರೆ ಸರ್ಕಾರಿ ವಕೀಲರ ಹಾಗೆ ಪೂರ್ತಿ ಸಾಬೀತು ಮಾಡಬೇಕಿಲ್ಲ, ಹೀಗೇ ಆಗಿರಬಹುದು ಅನ್ನುವಷ್ಟು ಸಾಕು.

ಗುಮ್ಮಟದ ಊರವ:
ಕಾನೂನು ಪುಸ್ತಕದಲ್ಲಿ ಚೆನ್ನಾಗಿದೆ. ಜನರ ಸಿಟ್ಟು ಯಾಕೆ ಬರುತ್ತದೆ ಅಂತಲೂ ಹೇಳಿ. 2025ರ ಮೇ ತಿಂಗಳಲ್ಲಿ ಮನಗೂಳಿ ಬ್ಯಾಂಕಿನಿಂದ ಸುಮಾರು 59 ಕೆಜಿ ಚಿನ್ನ ಹೋಯ್ತು. ಅದೇ ಸೆಪ್ಟೆಂಬರ್‌ನಲ್ಲಿ ಚಡಚಣದ ಬ್ಯಾಂಕಿಗೆ ಮುಸುಕು ಹಾಕಿಕೊಂಡು ಬಂದು ಸಿಬ್ಬಂದಿಯನ್ನು ಕಟ್ಟಿಹಾಕಿ ದೋಚಿದರು. ಅದೆಲ್ಲ ಬಡವರು ಅಡವಿಟ್ಟ ಬಂಗಾರ. ಇಂಥದ್ದನ್ನು ನೋಡಿದ ಜನ ಕೈಗೆ ಸಿಕ್ಕವನನ್ನು ಸುಮ್ನೆ ಬಿಡುತ್ತಾರಾ?

ಕೃಷ್ಣಾ ದಂಡೆ:
ಮನಗೂಳಿ ಉದಾಹರಣೆ ನೀವೇ ಕೊಟ್ಟಿರಿ, ಒಳ್ಳೆಯದಾಯ್ತು. ಅಲ್ಲಿ ಪೊಲೀಸರು ಹಿಡಿದವರಲ್ಲಿ ಅದೇ ಬ್ಯಾಂಕಿನಲ್ಲಿ ಮೊದಲು ಮ್ಯಾನೇಜರ್ ಆಗಿದ್ದವರೇ ಇದ್ದರು. ಅವರನ್ನು ಯಾರಾದರೂ ಕಂಬಕ್ಕೆ ಕಟ್ಟಿದರಾ? ವಕೀಲರನ್ನು ಇಟ್ಟುಕೊಂಡು ಕೋರ್ಟಿಗೆ ಹೋಗುತ್ತಾರೆ. ಅದೇ ಸರಿಯಾದ ದಾರಿ. ಒಣದ್ರಾಕ್ಷಿ ಕದಿಯಲು ಬಂದವನಿಗೆ ಮಾತ್ರ ರಾತ್ರಿಯೇ ಶಿಕ್ಷೆ ಯಾಕೆ?

ಗುಮ್ಮಟದ ಊರವ:
ಅವನ ಕೈಯಲ್ಲಿ ಕೊಯ್ತಾ ಇತ್ತು ಅಂತ ಮರೆಯಬೇಡಿ.

ಕೃಷ್ಣಾ ದಂಡೆ:
ಮರೆತಿಲ್ಲ. ಕಾಲು ಮುರಿಯುವಾಗ ಇರಲಿಲ್ಲ.

ನವನಗರದ ಅಕ್ಕ:
ಎಲ್ಲರೂ ತುಡುಗನ ಕಾಲಿನ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಬಾಗಲಕೋಟೆ ನವನಗರದವಳು. ಬೆಳಿಗ್ಗೆ ಹೂವು ತರಲು ಹೋದ ನಮ್ಮ ಅವ್ವನ ಕೊರಳಿನಿಂದ ಬೈಕಿನಲ್ಲಿ ಬಂದವರು ಬೋರಮಾಳ ಸರ ಕಿತ್ತುಕೊಂಡರು. ಎಳೆದ ರಭಸಕ್ಕೆ ಅವ್ವ ಬಿದ್ದು ಸೊಂಟದ ಮೂಳೆ ಮುರಿಯಿತು. ಆಮೇಲೆ ಅವಳು ಒಬ್ಬಳೇ ಬಚ್ಚಲಿಗೂ ಹೋಗಲಿಲ್ಲ. ಹುಡುಗರು ಸಿಕ್ಕರು, ಜಾಮೀನಿನ ಮೇಲೆ ಬಂದರು. ಒಬ್ಬನಿಗೆ ಮದುವೆಯೂ ಆಯಿತು. ಅವ್ವ ಹಾಸಿಗೆಯಲ್ಲೇ ಹೋದಳು.

ಸುಧಾರಣೆ ಅಂತ ಮಾತು ಬಂದರೆ ನನಗೆ ಒಂದೇ ಕೇಳಬೇಕು ಅನ್ನಿಸುತ್ತದೆ. ಅವನು ಸುಧಾರಿಸಿದ ಅಂತ ಯಾರು ಹೇಳಬೇಕು? ಜೈಲಿನವರಾ, ಸ್ವಾಮಿಗಳಾ, ಪೇಪರಿನವರಾ? ನಮ್ಮ ಮನೆಗೆ ಬಂದು ಯಾರೂ ಕೇಳಲಿಲ್ಲ. ಸರ ವಾಪಸ್ ಬಂದಿಲ್ಲ, ಒಂದು ಮಾತೂ ಬಂದಿಲ್ಲ.

ಇಂಡಿ ಲಿಂಬೆ:
ಅಕ್ಕಾರೇ, ಓದಿ ಬಹಳ ಸಂಕಟ ಆಯ್ತು.

ಹಿಂಡಲಗಾ ನಿವೃತ್ತ:
ತಂಗಿ, ನಿಮ್ಮ ಮಾತು ನೂರಕ್ಕೆ ನೂರು ನಿಜ. ನಾನು ಜೈಲಿನಲ್ಲಿ ವಾರ್ಡರ್ ಆಗಿ ನಿವೃತ್ತನಾದವನು. ಒಳಗೆ ಎಲ್ಲವೂ ಕೈದಿಯ ಸುತ್ತಲೇ ನಡೆಯುತ್ತದೆ. ಅವನ ನಡತೆ, ಅವನ ಪೆರೋಲ್, ಅವನ ಬಿಡುಗಡೆ. ನೊಂದ ಮನೆಯವರು ಹೇಗಿದ್ದಾರೆ ಅಂತ ಕೇಳುವ ಒಂದು ಕಾಗದವನ್ನೂ ನಾನು ನೋಡಲಿಲ್ಲ.

ಆದರೆ ನಾನು ನೋಡಿದ ಮನುಷ್ಯರ ಬಗ್ಗೆಯೂ ಹೇಳಬೇಕು. ಬಾಂದಿನ ಜಗಳ, ನೀರಿನ ಜಗಳ, ಅಣ್ಣತಮ್ಮಂದಿರ ಹಿಸ್ಸೆಯ ಜಗಳ, ಇವುಗಳಲ್ಲಿ ಕೊಲೆ ಮಾಡಿ ಬಂದವರು ಹೆಚ್ಚಿನವರು ಮತ್ತೆ ಒಳಗೆ ಬರಲಿಲ್ಲ. ಆ ಒಂದು ಗಳಿಗೆಯ ಸಿಟ್ಟು ಅವರನ್ನು ಜೀವನಪೂರ್ತಿ ತಿನ್ನುತ್ತಿತ್ತು. ಮಗ್ಗದ ಮುಂದೆ ಕೂತರೆ ಊಟದ ಗಂಟೆ ಬಾರಿಸಿದರೂ ಏಳದವರನ್ನು ನೋಡಿದ್ದೇನೆ. ಪದೇ ಪದೇ ಬರುವವರು ಬೇರೆ. ಓಸಿ ಜೂಜು, ಕುಡಿತ, ಬೈಕ್ ಕಳವು, ಕಿಸೆ ಕತ್ತರಿ. ಸಣ್ಣ ಶಿಕ್ಷೆ, ಬೇಗ ಹೊರಗೆ, ಅದೇ ಗೆಳೆಯರು, ಮತ್ತೆ ಒಳಗೆ. ಜನ ದೊಡ್ಡ ಅಪರಾಧ ಮಾಡಿದವನಿಗೆ ಹೆದರುತ್ತಾರೆ. ನನ್ನ ಅನುಭವದಲ್ಲಿ ತಿದ್ದುವುದು ಕಷ್ಟ ಆದದ್ದು ಈ ಸಣ್ಣ ಕಳವಿನ ಹುಡುಗರನ್ನು.

ತೋಟಗಾರರೇ, ಅವನು ಎಂಥವನು ಅಂತ ನನಗೆ ಗೊತ್ತಿಲ್ಲ. ಆದರೆ ಬಾಂದಿನ ಜಗಳ ಅಂದಿದ್ದೀರಿ. ಕೆಲಸ ಕೊಡಿ ಅಂತಲೇ ನನ್ನ ಸಲಹೆ.

ನವನಗರದ ಅಕ್ಕ:
ಕಾಕಾ, ನೀವು ಹೇಳಿದ್ದನ್ನು ನಂಬುತ್ತೇನೆ. ಆದರೆ ಬಾಂದಿನ ಜಗಳದಲ್ಲಿ ಸತ್ತವನ ಹೆಂಡತಿ ಈಗ ಯಾರ ಹೊಲದಲ್ಲಿ ಕೂಲಿ ಮಾಡುತ್ತಿದ್ದಾಳೆ? ಅವಳಿಗೆ ಕೆಲಸ ಕೊಡೋಣ ಅಂತ ಯಾರಾದರೂ ಇಲ್ಲಿ ಕೇಳಿದರಾ?

ತಿಕೋಟಾ ತೋಟಗಾರ:
ಅಕ್ಕಾರೇ, ಅವರ ಮನೆ ನಮಗೆ ಗೊತ್ತು. ಅವರನ್ನು ಕೇಳಬೇಕು ಅಂತ ಇದುವರೆಗೆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಅಪ್ಪನಿಗೆ ಹೇಳುತ್ತೇನೆ.

ಕರಿಕೋಟು ಬೆಳಗಾವಿ:
ಈ ಚರ್ಚೆ ಓದುವ ಎಲ್ಲರಿಗೂ ಒಂದು ಮಾತು. ಅಪರಾಧದಲ್ಲಿ ಜೀವ ಹೋದರೆ, ದೊಡ್ಡ ಗಾಯವಾದರೆ ಸರ್ಕಾರದಿಂದ ಸಂತ್ರಸ್ತರ ಪರಿಹಾರ ಸಿಗುತ್ತದೆ. ಕರ್ನಾಟಕದಲ್ಲಿ 2011ರಿಂದ ಯೋಜನೆ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ಅವರ ಕಚೇರಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ. ಆರೋಪಿ ಸಿಗದಿದ್ದರೂ ಅರ್ಜಿ ಹಾಕಬಹುದು. ಬಹಳ ಜನ ಕೇಳುವುದೇ ಇಲ್ಲ.

ಬಬಲೇಶ್ವರ ಹುಡುಗ:
ನಮ್ಮ ಕಡೆ ಕೆಲವರು ಗೋದಾಮಿನ ಸುತ್ತ ತಂತಿ ಬಿಗಿದು ರಾತ್ರಿ ಕರೆಂಟ್ ಬಿಡುತ್ತಾರೆ. ಅದು ಆತ್ಮರಕ್ಷಣೆ ಆಗುತ್ತದಾ? ಜಗಳವೂ ಇಲ್ಲ, ಹೊಡೆದಾಟವೂ ಇಲ್ಲ.

ಕರಿಕೋಟು ಬೆಳಗಾವಿ:
ದಯವಿಟ್ಟು ಮಾಡಬೇಡಿ. ಇದಕ್ಕೆ ಹಳೆಯ ತೀರ್ಪು ಇದೆ. ಬಿಹಾರದಲ್ಲಿ ಒಬ್ಬ ತನ್ನ ಶೌಚಾಲಯಕ್ಕೆ ಬೇರೆಯವರು ಬರಬಾರದು ಅಂತ ದಾರಿಯಲ್ಲಿ ಬರಿ ತಂತಿಗೆ ಕರೆಂಟ್ ಬಿಟ್ಟಿದ್ದ. ಬಂದ ಹೆಂಗಸು ಸತ್ತಳು. ಅವಳು ಅತಿಕ್ರಮಿಸಿ ಬಂದವಳು, ನನ್ನ ಜಾಗ ನಾನು ಕಾಯ್ದುಕೊಂಡೆ ಅಂತ ವಾದ ಮಾಡಿದ. ಸುಪ್ರೀಂ ಕೋರ್ಟ್ 1963ರಲ್ಲಿ ಒಪ್ಪಲಿಲ್ಲ, ಶಿಕ್ಷೆ ಉಳಿಸಿತು. ತಂತಿಗೆ ತುಡುಗ ಯಾರು, ನೀರು ತಿರುವಲು ಬಂದ ಆಳು ಯಾರು ಅಂತ ಗೊತ್ತಾಗುವುದಿಲ್ಲ.

ಬಬಲೇಶ್ವರ ಹುಡುಗ:
ಹಂದಿಗೆ ಇಟ್ಟ ತಂತಿಗೆ ಮನುಷ್ಯರು ಸತ್ತ ಸುದ್ದಿ ಎಷ್ಟು ಸಲ ಓದಿದ್ದೇವೆ. ನಮ್ಮ ಮನೆಯ ಕಾಕಾನಿಗೆ ಇದನ್ನು ತೋರಿಸುತ್ತೇನೆ.

ಮುಧೋಳ ಮಣ್ಣು:
ತಂತಿ ಬೇಡ, ಬಡಿಗೆಯೂ ಬೇಡ ಅಂದರೆ ರೈತನಿಗೆ ಬಂದೂಕಿನ ಲೈಸನ್ಸ್ ಸಲೀಸಾಗಿ ಕೊಡಿ. ನಮ್ಮ ಹಲಗಲಿ ಬೇಡರು 1857ರಲ್ಲಿ ಆಯುಧ ಒಪ್ಪಿಸಲ್ಲ ಅಂತಲೇ ಬ್ರಿಟಿಷರ ವಿರುದ್ಧ ನಿಂತವರು. ಊರನ್ನೇ ಸುಟ್ಟರು, ಗಲ್ಲಿಗೆ ಹಾಕಿದರು. ಆಯುಧ ಕಸಿದುಕೊಂಡರೆ ಮನುಷ್ಯನಿಗೆ ಮರ್ಯಾದೆ ಎಲ್ಲಿಯದು?

ಕೃಷ್ಣಾ ದಂಡೆ:
ಹಲಗಲಿಯವರ ಬಗ್ಗೆ ನನಗೂ ಅಷ್ಟೇ ಹೆಮ್ಮೆ. ಆದರೆ ಅವರು ಸರ್ಕಾರದ ಸೈನ್ಯದ ಎದುರು ನಿಂತರು. ಭೀಮಾ ತೀರದಲ್ಲಿ ಮನೆ ಮನೆಗೆ ಕಂಟ್ರಿ ಪಿಸ್ತೂಲು ಬಂದದ್ದರಿಂದ ಏನಾಯ್ತು ಅಂತ ಇಂಡಿ, ಚಡಚಣದವರನ್ನು ಕೇಳಿ. ಒಬ್ಬನ ಸಾವಿಗೆ ಇನ್ನೊಬ್ಬ, ಅವನ ಸಾವಿಗೆ ಮತ್ತೊಬ್ಬ. ಎಲ್ಲರೂ ನಮ್ಮ ರಕ್ಷಣೆಗೆ ಇಟ್ಟುಕೊಂಡಿದ್ದೇವೆ ಅಂತಲೇ ಹೇಳುತ್ತಿದ್ದರು.

ಇಂಡಿ ಲಿಂಬೆ:
ಇದು ನಿಜ. ನಮ್ಮ ಕಡೆ ಆ ಕಾಲದ ಮಾತು ತೆಗೆದರೆ ಹಿರಿಯರು ಎದ್ದುಹೋಗುತ್ತಾರೆ.

ಗುಮ್ಮಟದ ಊರವ:
ಸಿಂಧೂರ ಲಕ್ಷ್ಮಣನನ್ನೂ ಬ್ರಿಟಿಷರು ದರೋಡೆಕೋರ ಅಂತಲೇ ಕರೆದರು. ಜಾತ್ರೆಯಲ್ಲಿ ಅವನ ನಾಟಕ ಇದ್ದರೆ ಇವತ್ತಿಗೂ ಜನ ರಾತ್ರಿಯಿಡೀ ಕೂರುತ್ತಾರೆ. ಯಾರು ಅಪರಾಧಿ ಅಂತ ಬರೆಯುವ ಕೈ ಯಾವುದು ಅನ್ನುವುದೂ ಮುಖ್ಯ ಅಲ್ವಾ?

ಸೆಟ್ಲಮೆಂಟ್ ಮೊಮ್ಮಗ:
ಈ ಕೊನೆಯ ಮಾತಿಗೆ ನಾನು ಉತ್ತರ ಬರೆಯಲೇಬೇಕು.

ನಮ್ಮ ಅಜ್ಜ ಹುಟ್ಟುತ್ತಲೇ ಅಪರಾಧಿ. ಏನೂ ಕದ್ದಿರಲಿಲ್ಲ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮಾಡಿದರು. ಇಡೀ ಜಾತಿಗಳನ್ನೇ ಕಳ್ಳರು ಅಂತ ಪಟ್ಟಿಗೆ ಸೇರಿಸಿದರು. ಆಮೇಲೆ ನಮ್ಮ ಭಾಗದಲ್ಲಿ ವಿಜಯಪುರ, ಗದಗ, ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಕಟ್ಟಿದರು. ಬೇಲಿಯೊಳಗೆ ಮನೆ, ದಿನಾ ಹಾಜರಿ, ಹೊರಗೆ ಹೋಗಲು ಪಾಸು. ಅದಕ್ಕೂ ಅವರು ಸುಧಾರಣೆ ಅಂತಲೇ ಹೆಸರಿಟ್ಟಿದ್ದರು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ಕ್ಕೆ ನಾವು ಆ ಪಟ್ಟಿಯಿಂದ ಹೊರಗೆ ಬಂದೆವು. ಕಾಗದದ ಮೇಲೆ.

ಜೈಲಿನ ಕೈಪಿಡಿಗಳಲ್ಲಿ ಆ ಹಳೆಯ ಬುದ್ಧಿ ಉಳಿದೇ ಇತ್ತು. ಕೈದಿಯ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ರದ್ದು ಮಾಡಿತು. ನಮ್ಮಂಥ ಜನರನ್ನು ರೂಢಿಗತ ಅಪರಾಧಿಗಳು ಅಂತ ನೋಡುವುದೂ ತಪ್ಪು ಅಂತ ಹೇಳಿತು. ನಾನು ಸರ್ಕಾರಿ ಕೆಲಸದಲ್ಲಿದ್ದೇನೆ. ಊರಿನಲ್ಲಿ ಕಳವಾದರೆ ಇವತ್ತಿಗೂ ಮೊದಲು ನಮ್ಮ ಓಣಿಗೆ ಜೀಪು ಬರುತ್ತದೆ. ತೋಟಗಾರರೇ, ಬೇಸರ ಮಾಡಿಕೊಳ್ಳಬೇಡಿ, ಒಂದು ಕೇಳುತ್ತೇನೆ. ಆ ರಾತ್ರಿ ಕಂಬಕ್ಕೆ ಕಟ್ಟಿದವನನ್ನು ಹೊಡೆಯುವಾಗ ನೀನು ಯಾರ ಪೈಕಿ ಅಂತ ಕೇಳಿದರಾ? ಉತ್ತರ ಕೇಳಿದ ಮೇಲೆ ಏಟು ಜಾಸ್ತಿ ಆಯ್ತಾ?

ತಿಕೋಟಾ ತೋಟಗಾರ:
ಕೇಳಿದರಂತೆ ಸರ್. ತಮ್ಮ ಹೇಳಿದ. ಜಾಸ್ತಿಯೂ ಆಯ್ತಂತೆ.

ಇಂಡಿ ಲಿಂಬೆ:
ಇದನ್ನು ನಾನು ಸಮರ್ಥಿಸಲಾರೆ. ನುಗ್ಗಿದವನನ್ನು ತಡೆಯುವುದಕ್ಕೆ ನನ್ನ ಬೆಂಬಲ ಇದ್ದೇ ಇದೆ. ಕಟ್ಟಿ ಜಾತಿ ಕೇಳಿ ಹೊಡೆಯುವುದಕ್ಕೆ ಇಲ್ಲ.

ಕಿತ್ತೂರು ಟೀಚರ್:
ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ತರಬೇತಿ ನಡೆಯುತ್ತದೆ. ಅಲ್ಲಿ ಮೊದಲ ದಿನವೇ ಕಲಿಸುವುದು ಬಿಡಿಸಿಕೊಳ್ಳುವುದನ್ನು. ಮುಂಗೈ ಹಿಡಿದರೆ ಹೆಬ್ಬೆರಳಿನ ಕಡೆ ತಿರುಗಿಸಿ ಎಳೆಯಬೇಕು, ಜೋರಾಗಿ ಕೂಗಬೇಕು, ಜನ ಇರುವ ಕಡೆ ಓಡಬೇಕು. ಎದುರಿನವನನ್ನು ಕೆಡವಿ ನಿಂತು ಹೊಡೆಯಿರಿ ಅಂತ ಯಾವ ಮಾಸ್ತರರೂ ಹೇಳುವುದಿಲ್ಲ. ಹೆಣ್ಣುಮಕ್ಕಳು ಇದನ್ನು ಬೇಗ ತಿಳಿದುಕೊಳ್ಳುತ್ತಾರೆ. ಅತ್ಯಾಚಾರ, ಆಸಿಡ್ ದಾಳಿಯ ಭಯ ಇದ್ದರೆ ಪ್ರಾಣ ತೆಗೆಯುವ ತನಕ ಹಕ್ಕು ಇದೆ ಅಂತಲೂ ನಾನು ಅವರಿಗೆ ಹೇಳುತ್ತೇನೆ. ಅದು ಕಲಂ 38ರಲ್ಲಿದೆ ಅಲ್ವಾ ವಕೀಲರೇ?

ಕರಿಕೋಟು ಬೆಳಗಾವಿ:
ಹೌದು ಟೀಚರ್, 38. ಆಸಿಡ್ ವಿಷಯ 2013ರ ತಿದ್ದುಪಡಿಯಲ್ಲಿ ಸೇರಿದ್ದು, ಹೊಸ ಕಾನೂನಿನಲ್ಲೂ ಉಳಿದಿದೆ.

ಕೂಡಲಸಂಗಮ ಹಾದಿ:
ಮೂಲ ಪ್ರಶ್ನೆಗೆ ಬರುತ್ತೇನೆ. ಅಪರಾಧಿ ಬದಲಾಗುತ್ತಾನಾ ಅಂತ ಕೇಳುವ ನಾಡು ನಮ್ಮದಲ್ಲ. ಕನ್ನದ ಮಾರಿತಂದೆ ಕನ್ನ ಕೊರೆಯುತ್ತಿದ್ದವನು, ಶರಣನಾದ. ಅವನ ವಚನಗಳು ಇವತ್ತಿಗೂ ಇವೆ. ಕಳ್ಳನಾಗಿದ್ದ ಅನ್ನುವುದನ್ನು ಅವನ ಹೆಸರಿನಿಂದ ಯಾರೂ ಅಳಿಸಲಿಲ್ಲ, ಅವನಿಗೆ ಪಕ್ಕದಲ್ಲಿ ಜಾಗವನ್ನೂ ಕೊಟ್ಟರು. ತೋಟಗಾರರ ಅಪ್ಪ ಮಾಡಲು ಹೊರಟಿರುವುದು ಇದನ್ನೇ.

ಗುಮ್ಮಟದ ಊರವ:
ಶರಣರ ಕಾಲದ ಮಾತು ಬೇರೆ. ಮನೆಯಲ್ಲಿ ಹೆಣ್ಣುಮಕ್ಕಳಿರುವಾಗ ಕೊಲೆ ಮಾಡಿದವನನ್ನು ತಂದು ಇಟ್ಟುಕೊಳ್ಳುವುದು ಬೇರೆ. ಅವ್ವನ ಭಯಕ್ಕೂ ಬೆಲೆ ಇದೆ.

ಕೂಡಲಸಂಗಮ ಹಾದಿ:
ಇದೆ. ಇಲ್ಲ ಅನ್ನಲಿಲ್ಲ. ಆದರೆ ಇತ್ತೀಚಿನದೇ ಬೇಕೆಂದರೆ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಜೈಲಿನ ಕೈದಿಗಳಿಂದಲೇ ನಾಟಕ ಮಾಡಿಸಿದ್ದಾರೆ. ಜನರ ಎದುರು ರಂಗದ ಮೇಲೆ ನಿಂತವರು ಜೀವಾವಧಿ ಕೈದಿಗಳು.

ಹಿಂಡಲಗಾ ನಿವೃತ್ತ:
ಅವ್ವನ ಭಯಕ್ಕೆ ದಾರಿ ಇದೆ. ಮೊದಲೇ ರಾತ್ರಿ ಕಾವಲಿಗೆ ಹಾಕಬೇಡಿ. ಏನಾದರೂ ಕಳವಾದರೆ ಎಲ್ಲರ ಕಣ್ಣು ಅವನ ಮೇಲೇ ಬೀಳುತ್ತದೆ, ಅವನಿಗೂ ಅನ್ಯಾಯ. ಹಗಲು ಕೆಲಸ ಕೊಡಿ, ನಾಲ್ಕು ಆಳುಗಳ ಜೊತೆ. ಬೇರೆಯವರಿಗೆ ಕೊಡುವಷ್ಟೇ ಪಗಾರ ಕೊಡಿ. ಜೈಲಿನಿಂದ ಬಂದವನು ಅಂತ ಕಡಿಮೆ ಕೊಟ್ಟರೆ ಅವನಿಗೆ ಎರಡನೇ ಶಿಕ್ಷೆ. ಎಲ್ಲಿಂದ ಬಂದ ಅನ್ನುವುದನ್ನು ಆಳುಗಳಿಂದ ಮುಚ್ಚಿಡಬೇಡಿ. ಹೊರಗಿನಿಂದ ಗೊತ್ತಾದರೆ ದೊಡ್ಡದಾಗುತ್ತದೆ. ಹೊರಬಂದ ಮೊದಲ ಕೆಲವು ತಿಂಗಳು ಬಹಳ ಕಷ್ಟ. ಆಗ ಕೈಗೆ ಕೆಲಸ ಇದ್ದವನು ನಿಲ್ಲುತ್ತಾನೆ.

ಸೆಟ್ಲಮೆಂಟ್ ಮೊಮ್ಮಗ:
ಕಾಕಾ ಹೇಳಿದ್ದು ಸರಿ. ಜೈಲಿಗೆ ಹೋದವರೆಲ್ಲ ಅಪರಾಧಿಗಳು ಅಂತಲೂ ತಿಳಿಯಬೇಡಿ. 2022ರ ಸರ್ಕಾರಿ ಅಂಕಿಯಲ್ಲಿ ದೇಶದ 5.73 ಲಕ್ಷ ಕೈದಿಗಳಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ಅವರ ತೀರ್ಪು ಬಂದೇ ಇರಲಿಲ್ಲ.

ಗುಮ್ಮಟದ ಊರವ:
ಹಗಲು ಕೆಲಸ ಅಂದರೆ ನನಗೂ ತಕರಾರಿಲ್ಲ. ಕಾವಲಿಗೆ ಮಾತ್ರ ಬೇಡ.

ತಿಕೋಟಾ ತೋಟಗಾರ:
ಅಪ್ಪ ನಿನ್ನೆ ಸತ್ತವರ ಮನೆಗೆ ಹೋಗಿ ಬಂದರು. ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲವಂತೆ. ಅವನು ನನ್ನ ಕಣ್ಣಿಗೆ ಬೀಳಬಾರದು, ನಮ್ಮ ಊರ ಬಸ್ ಸ್ಟ್ಯಾಂಡಿನಲ್ಲಿ ಕೂರಬಾರದು, ಬೇರೆ ಏನು ಬೇಕಾದರೂ ಮಾಡಿಕೊಳ್ಳಿ ಅಂದರಂತೆ. ಅವರ ಮಗ ಐಟಿಐ ಮುಗಿಸಿದ್ದಾನೆ. ಅವನಿಗೆ ಎಲ್ಲಾದರೂ ಕೆಲಸ ನೋಡಿಕೊಡಿ ಅಂತಲೂ ಕೇಳಿದರಂತೆ. ಅವ್ವ ಈಗ ಒಂದು ಷರತ್ತು ಹಾಕಿದ್ದಾಳೆ. ಮೊದಲು ಆ ಹುಡುಗನಿಗೆ ಕೆಲಸ, ಆಮೇಲೆ ಇವನಿಗೆ.

ನವನಗರದ ಅಕ್ಕ:
ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ಹೇಳಿ. ಹುಡುಗನದು ಯಾವ ಟ್ರೇಡು? ಫಿಟ್ಟರ್ ಆಗಿದ್ದರೆ ಬಾಗಲಕೋಟೆಯಲ್ಲಿ ನಮ್ಮ ಯಜಮಾನರಿಗೆ ಗೊತ್ತಿರುವ ವರ್ಕ್‌ಶಾಪ್ ಇದೆ.

ತಿಕೋಟಾ ತೋಟಗಾರ:
ಎಲೆಕ್ಟ್ರಿಷಿಯನ್ ಅಕ್ಕಾರೇ.

ಬಬಲೇಶ್ವರ ಹುಡುಗ:
ಎಲೆಕ್ಟ್ರಿಷಿಯನ್ ಆದರೆ ನಮ್ಮ ಕಡೆ ಪಂಪ್‌ಸೆಟ್ ರಿಪೇರಿ ಅಂಗಡಿಯವರು ಹುಡುಗರನ್ನು ಹುಡುಕುತ್ತಿದ್ದಾರೆ. ಖಾಸಗಿಯಾಗಿ ನಂಬರ್ ಕಳಿಸುತ್ತೇನೆ.

ಕರಿಕೋಟು ಬೆಳಗಾವಿ:
ತೋಟಗಾರ ಅಣ್ಣಾರೇ, ತಮ್ಮನ ಕೇಸಿನದು ಉಳಿಯಿತು. ರಾಜಿ ಆಗುತ್ತದೆಯಾ ಇಲ್ಲವಾ ಅನ್ನುವುದು ಪೊಲೀಸರು ಯಾವ ಕಲಂ ಹಾಕಿದ್ದಾರೆ ಅನ್ನುವುದರ ಮೇಲಿದೆ. ಎಫ್‌ಐಆರ್ ಪ್ರತಿ ತೆಗೆದುಕೊಂಡು ವಿಜಯಪುರದ ಒಳ್ಳೆಯ ಕ್ರಿಮಿನಲ್ ವಕೀಲರನ್ನು ಕಾಣಿ. ತಮ್ಮ ಹೊಡೆದದ್ದು ಒಂದೇ ಏಟು, ಅದೂ ಕೈಗೆ, ಅನ್ನುವುದನ್ನು ನೋಡಿದ ಸಾಕ್ಷಿ ಯಾರಿದ್ದಾರೆ? ಅವರು ಹಿಂಜರಿಯುವ ಮೊದಲು ಅವರ ಹೇಳಿಕೆ ಆಗಬೇಕು. ಕಾಲು ಮುರಿದವರು ಯಾರು ಅಂತ ತಮ್ಮನಿಗೆ ಗೊತ್ತಿದ್ದರೆ, ಅದನ್ನೂ ಹೇಳಬೇಕಾಗುತ್ತದೆ. ಅಕ್ಕಪಕ್ಕದ ತೋಟದವರೇ ಆದರೂ.